ಅಜ್ಜಂಪುರ ಅಂಪುರವಾದದ್ದು

2022ರಲ್ಲಿ ಬಚ್ಚಲುಮನೆಯಲ್ಲಿ ಜಾರಿಬಿದ್ದು ನಾನು ಎಡ ಮಣಿಕಟ್ಟನ್ನು ಮುರಿದುಕೊಂಡದ್ದು ನಿಮ್ಮಲ್ಲಿ ಹಲವರಿಗೆ ತಿಳಿದೇ ಇದೆ. ಮೂಳೆ ಕೂಡಿತು, ಕಿರುಬೆರಳು ಮಾತ್ರ ಪೂರ್ತಿ ಚಾಚುವುದಿಲ್ಲ. ಅದೊಂದು ಕೊರತೆಯೆಂದು ಅರಿವಾದದ್ದು ವಿಮ್ ಎಂಬ ಸಂಪಾದಕ ತಂತ್ರಾಂಶದ ಮುಂದೆ ಕುಳಿತಾಗ.

ಹಳೆಯ ಟಿಪ್ಪಣಿ ಪುಸ್ತಕಗಳಿಂದ ನಿಮ್ಮೆಲ್ಲರ ಹೆಸರುಗಳನ್ನು ಆಯ್ದು, ಊರುವಾರು ವಿಂಗಡಿಸುವ ಪುಟ್ಟ ಪ್ರೋಗ್ರಾಮೊಂದನ್ನು ಪೈಥಾನ್ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿರುವ ಶಿಷ್ಯನೊಬ್ಬ ಅದಕ್ಕೆಂದು ವಿಮ್ ಹಾಕಿಕೊಟ್ಟ. ಇದರಲ್ಲಿ ಮೌಸಿಗೆ ಕೆಲಸವಿಲ್ಲ. ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ಒಂದರಿಂದ ಮತ್ತೊಂದಕ್ಕೆ ಬರಲು ಎಡ ಮೇಲ್ಮೂಲೆಯ ಎಸ್ಕೇಪ್ ಕೀಲಿಯನ್ನು ಒತ್ತಬೇಕು, ದಿನಕ್ಕೆ ನೂರಾರು ಬಾರಿ. ವಿಮ್‌ನ ಪೂರ್ವಜನಾದ ವಿಐ ಸಂಪಾದಕವನ್ನು ಬರ್ಕ್ಲಿಯಲ್ಲಿ ಬಿಲ್ ಜಾಯ್ 1976ರಲ್ಲಿ ಬರೆದಾಗ ಈ ಕಷ್ಟವಿರಲಿಲ್ಲ. ಅವರು ಬಳಸಿದ ಎಡಿಎಂ-3ಎ ಯಂತ್ರದಲ್ಲಿ ಎಸ್ಕೇಪ್ ಇದ್ದದ್ದು ಇಂದು ಟ್ಯಾಬ್ ಇರುವ ಜಾಗದಲ್ಲಿ. ಕೀಲಿ ಮೂಲೆಗೆ ಸರಿಯಿತು, ಪದ್ಧತಿ ಹಾಗೆಯೇ ಉಳಿಯಿತು.

ಶಿಷ್ಯ ಉಪಾಯ ಹೇಳಿದ. ವಿಮ್‌ಆರ್‌ಸಿ ಎಂಬ ಕಡತದಲ್ಲಿ ಒಂದು ಸಾಲು ಬರೆದರೆ, ‘ಜೆ’ ಅಕ್ಷರವನ್ನು ಬೇಗನೆ ಎರಡು ಬಾರಿ ಒತ್ತಿದಾಗ ಅದೇ ಎಸ್ಕೇಪ್ ಎಂದು ಯಂತ್ರ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎರಡು ಜೆ ಒಟ್ಟಿಗೆ ಬರುವುದು ಅಪರೂಪ. ನಮ್ಮ ಊರುಗಳ ಗತಿ? ಇಂಗ್ಲಿಷ್ ಲಿಪಿಯಲ್ಲಿ ಅಜ್ಜಂಪುರ ಎಂದು ಟೈಪಿಸಿದೆ. ಮೊದಲ ‘ಎ’ ನಿಂತಿತು. ಎರಡು ಜೆಗಳು ಎಸ್ಕೇಪ್ ಆದವು. ಮುಂದಿನ ‘ಎ’ ಮತ್ತೆ ಬರೆಯಲಾರಂಭಿಸು ಎಂಬ ಆಜ್ಞೆಯಾಯಿತು. ಪರದೆಯ ಮೇಲೆ ‘ಅಂಪುರ’! ನಗು ಬಂದರೂ, ಅದಾಗಲೇ ಎಷ್ಟು ಕಡೆ ಹಾಗಾಗಿದೆಯೋ ಎಂದು ದಿಗಿಲಾಯಿತು.

ಜೆ ಮತ್ತು ಕೆ ಜೋಡಿಗೆ ಬದಲಾಯಿಸಿದೆ. ಒಂದೇ ಸಮನೆ ನಲವತ್ತು ಹೆಸರು ಬರೆದ ಮೇಲೆ ರಾಜ್‌ಕುಮಾರ್ ಬಂದ. ಆ ವರ್ಷಗಳಲ್ಲಿ ತರಗತಿಗೊಬ್ಬನಾದರೂ ರಾಜ್‌ಕುಮಾರ್ ಇರುತ್ತಿದ್ದನಲ್ಲವೇ! ಜೆ-ಕೆ ಒತ್ತಿದೊಡನೆ ಎಸ್ಕೇಪ್; ಅನಂತರದ ‘ಯು’ ಎಂದರೆ ಮಾಡಿದ್ದನ್ನು ರದ್ದುಮಾಡು. ನಲವತ್ತು ಹೆಸರುಗಳೂ ಮಾಯ. ಗಾಬರಿಯಲ್ಲಿ ಇನ್ನೇನನ್ನೋ ಒತ್ತಿ ಮತ್ತಷ್ಟು ಕೆಡಿಸಿದೆ. ಅವುಗಳಲ್ಲಿ ಈಗ ನಮ್ಮೊಂದಿಗಿಲ್ಲದ ಇಬ್ಬರ ಹೆಸರುಗಳಿದ್ದವು. ಟಿಪ್ಪಣಿ ಪುಸ್ತಕದ ಆ ಪುಟವನ್ನು ಗೆದ್ದಲು ತಿಂದಿದೆ. ಭೂತಗಾಜು ಹಿಡಿದು ಓದಲು ನನಗೆ ಎರಡು ಸಂಜೆ ಹಿಡಿದಿತ್ತು. ಕೈ ನಡುಗುತ್ತಲೇ ಫೋನು ಮಾಡಿದೆ.

“ಏನೂ ಮುಟ್ಟಬೇಡಿ ಸಾರ್. ಎಸ್ಕೇಪ್ ಒತ್ತಿ. ಈಗ ಜಿ, ಆಮೇಲೆ ಅಡ್ಡಗೆರೆ.”

ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ನಲವತ್ತೂ ಹೆಸರುಗಳು ಮರಳಿದವು. 2006ರ ಏಳನೆಯ ಆವೃತ್ತಿಯಿಂದ ವಿಮ್ ನಮ್ಮ ತಿದ್ದುಪಡಿಗಳನ್ನು ಮರದ ಕೊಂಬೆಗಳಂತೆ ನೆನಪಿಡುತ್ತದೆಯಂತೆ. ರದ್ದಾದ ಕೊಂಬೆಯೂ ಒಣಗುವುದಿಲ್ಲ. ಇದನ್ನು 1991ರಲ್ಲಿ ಲೋಕಕ್ಕೆ ಕೊಟ್ಟ ಬ್ರಾಮ್ ಮೂಲೆನಾರ್ 2023ರ ಆಗಸ್ಟಿನಲ್ಲಿ ತೀರಿಕೊಂಡರು. ತಂತ್ರಾಂಶಕ್ಕೆ ಅವರು ಬೆಲೆ ಕೇಳಲಿಲ್ಲ. ಉಗಾಂಡದ ಕಿಬಾಲೆಯ ಮಕ್ಕಳಿಗೆ ನೆರವಾಗಿ ಎಂದಷ್ಟೇ ಕೋರಿದರು. ಮೇಷ್ಟರಾದವನಿಗೆ ಇದು ಮನಸ್ಸು ಮುಟ್ಟದೇ ಇರುತ್ತದೆಯೇ?

ಈಗ ಅರ್ಧವಿರಾಮ ಚಿಹ್ನೆಯನ್ನು ಎರಡು ಬಾರಿ ಒತ್ತುತ್ತೇನೆ. ಅದು ಬಲ ಕಿರುಬೆರಳಿನ ಕೆಳಗೇ ಇದೆ. ಯಾರ ಹೆಸರಿನಲ್ಲೂ, ಯಾವ ಊರಿನಲ್ಲೂ ಇಲ್ಲ. ‘ಅಂಪುರ’ ಎಂದಿದ್ದ ಮೂರು ಸಾಲುಗಳನ್ನು ನಿನ್ನೆ ಹುಡುಕಿ ತಿದ್ದಿದೆ. ಅಜ್ಜಂಪುರದ ಕಡೆಯವರು ಇನ್ನೂ ಯಾರಾದರೂ ಬಿಟ್ಟುಹೋಗಿದ್ದರೆ ದಯವಿಟ್ಟು ತಿಳಿಸಿರಿ.