ಒಂದು ಸಕಾರ ಬಿಟ್ಟುಹೋದದ್ದು

ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವನು ನಾನು. ಪದದ ಬಾಲ ಹಿಡಿದರೆ ಪದವೇ ಕೈಗೆ ಸಿಗುತ್ತದೆ ಎಂಬುದು ತರಗತಿಯಲ್ಲಿ ನನ್ನ ಮಾಮೂಲಿ ಮಾತು. ಕೊನೆಯಲ್ಲಿ ‘ಫುಲ್’ ಇದ್ದರೆ ತುಂಬಿದೆ, ‘ಲೆಸ್’ ಇದ್ದರೆ ಇಲ್ಲ. ಪ್ರೈಸ್‌ಲೆಸ್ ಅಂದರೆ ಬೆಲೆಯೇ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು ಎಂದು ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. ಆ ಬಾಲ ನನ್ನ ಕೈಯಿಂದಲೇ ಜಾರಿದ್ದು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ.

ಚಿಕ್ಕಪ್ಪನ ದೊಡ್ಡ ಕರುಳಿನಲ್ಲಿ ಗಡ್ಡೆ ಬೆಳೆದು ದಾರಿ ಕಟ್ಟಿಕೊಂಡಿತ್ತು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ರಾತ್ರಿಯೇ ಆಪರೇಷನ್ ಆಗಬೇಕು ಅಂದರು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಡಾಕ್ಟರು ಪಾಪ, ಕನ್ನಡದಲ್ಲಿ ವಿವರಿಸಲು ಹೊರಟಿದ್ದರು. “ನಾನು ಇಂಗ್ಲಿಷ್ ಲೆಕ್ಚರರ್ ಸರ್, ಓದಿ ಹೇಳ್ತೇನೆ” ಅಂತ ಕಾಗದ ಇಸಕೊಂಡವನು ನಾನೇ.

ಅದರಲ್ಲಿ ಕೊಲಾಸ್ಟಮಿ ಎಂದಿತ್ತು. ‘ಟಮಿ’ ಅಂದರೆ ಗ್ರೀಕಿನಲ್ಲಿ ಕೊಯ್ಯುವುದು, ಅಷ್ಟು ನನಗೆ ಗೊತ್ತಿತ್ತು. ಅನಾಟಮಿಯಲ್ಲಿರುವುದೂ ಅದೇ. ಆಟಮ್ ಎಂಬ ಪದವೂ ‘ಕೊಯ್ಯಲಾಗದ್ದು’ ಎಂಬ ಅರ್ಥದಿಂದಲೇ ಬಂದದ್ದು. ಇಷ್ಟು ಪಾಂಡಿತ್ಯ ಸಾಕಾಯಿತು. “ಕರುಳನ್ನ ಚೂರು ಕೊಯ್ದು, ಗಡ್ಡೆ ತೆಗೆದು ಹೊಲೀತಾರೆ ಚಿಕ್ಕಮ್ಮ, ಅಷ್ಟೇ” ಅಂದೆ. ಚಿಕ್ಕಪ್ಪ ಸಹಿ ಹಾಕಿದರು.

ಬೆಳಿಗ್ಗೆ ಎಚ್ಚರವಾದಾಗ ಹೊಟ್ಟೆಯ ಎಡಬದಿಗೆ ಒಂದು ಚೀಲ ಅಂಟಿಕೊಂಡಿತ್ತು. ಒಳಗೆ ಕೆಂಪಗೆ, ಒದ್ದೆಯಾಗಿ ಕಾಣುತ್ತಿದ್ದದ್ದು ಕರುಳಿನ ತುದಿ. ಮಲ ಬರುವುದು ಇನ್ನು ಅಲ್ಲಿಂದ. ಚಿಕ್ಕಮ್ಮ ಗೋಡೆ ಹಿಡಿದು ಕೂತುಬಿಟ್ಟರು. ಚಿಕ್ಕಪ್ಪ ಬೈಯಲಿಲ್ಲ. “ಹೀಗೊಂದು ಇರ್ತದೆ ಅಂತ ಹೇಳಲೇ ಇಲ್ವಲ್ಲ ಮಾರಾಯ” ಅಂದು ಮುಖ ಆಚೆ ತಿರುಗಿಸಿದರು. ಮೂರು ದಿನ ಹೊದಿಕೆ ಸರಿಸಲು ಯಾರಿಗೂ ಬಿಡಲಿಲ್ಲ.

ಮನೆಗೆ ಬಂದು ನಿಘಂಟು ತೆಗೆದೆ. ಆ ಪದದ ಬಾಲ ‘ಟಮಿ’ ಅಲ್ಲ, ‘ಸ್ಟಮಿ’. ಸ್ಟೋಮಾ ಅಂದರೆ ಗ್ರೀಕಿನಲ್ಲಿ ಬಾಯಿ. ಕರುಳಿಗೆ ಹೊಟ್ಟೆಯ ಮೇಲೊಂದು ಬಾಯಿ ಮಾಡುವುದೇ ಕೊಲಾಸ್ಟಮಿ. ನಾನು ನುಂಗಿದ್ದು ಒಂದೇ ಒಂದು ಸಕಾರ. ಎಲೆ ಉಸಿರಾಡುವ ಸಣ್ಣ ರಂಧ್ರಗಳಿಗೂ ಸ್ಟೊಮ್ಯಾಟಾ ಎಂದೇ ಹೆಸರು. ಪಕ್ಕದ ಕೋಣೆಯ ಬಯಾಲಜಿ ಮೇಡಂ ವರ್ಷವರ್ಷವೂ ಹೇಳುತ್ತಿದ್ದದ್ದು ಗೋಡೆ ದಾಟಿ ನನ್ನ ಕಿವಿಗೂ ಬಿದ್ದಿತ್ತು.

ಜಠರವನ್ನೇ ತೆಗೆದುಕೊಳ್ಳಿ. ಗ್ಯಾಸ್ಟ್ರಾಟಮಿ ಅಂದರೆ ಅದನ್ನು ಕೊಯ್ದು ತೆರೆಯುವುದು. ಗ್ಯಾಸ್ಟ್ರಾಸ್ಟಮಿ ಅಂದರೆ ಅದಕ್ಕೆ ಹೊರಗಿನಿಂದ ಬಾಯಿ ಮಾಡುವುದು. ನುಂಗಲಾಗದವರಿಗೆ ಅಲ್ಲಿ ನಳಿಕೆ ಇಟ್ಟು ಊಟ ಕೊಡುತ್ತಾರೆ. ಗ್ಯಾಸ್ಟ್ರೆಕ್ಟಮಿ ಅಂದರೆ ಜಠರವನ್ನೋ ಅದರ ಒಂದು ಭಾಗವನ್ನೋ ತೆಗೆದೇ ಹಾಕುವುದು. ‘ಎಕ್’ ಎಂದರೆ ಹೊರಗೆ, ಆದ್ದರಿಂದ ‘ಎಕ್ಟಮಿ’ ಬಂದಲ್ಲಿ ಏನೋ ಒಂದು ದೇಹದಿಂದ ಆಚೆ ಹೋಗುತ್ತದೆ: ಟಾನ್ಸಿಲೆಕ್ಟಮಿಯಲ್ಲಿ ಟಾನ್ಸಿಲ್, ಹಿಸ್ಟರೆಕ್ಟಮಿಯಲ್ಲಿ ಗರ್ಭಕೋಶ. ವ್ಯಾಸೆಕ್ಟಮಿಯಲ್ಲಿ ಹೋಗುವುದು ವೀರ್ಯನಾಳದ ಸಣ್ಣ ತುಂಡು ಮಾತ್ರ. ಗಂಡಸರು ಹೆದರುವಷ್ಟು ಏನೂ ಹೋಗುವುದಿಲ್ಲ ಬಿಡಿ. ಹಾಗಂತ ಬಾಲವನ್ನು ಪೂರ್ತಿ ನಂಬುವ ಹಾಗೂ ಇಲ್ಲ. ಗಂಟಲಿನ ಕೆಳಗೆ ಶ್ವಾಸನಾಳಕ್ಕೆ ದಾರಿ ಮಾಡುವುದನ್ನು ಡಾಕ್ಟರುಗಳೇ ಒಮ್ಮೆ ಟ್ರೇಕಿಯಾಟಮಿ, ಒಮ್ಮೆ ಟ್ರೇಕಿಯಾಸ್ಟಮಿ ಅನ್ನುತ್ತಾರೆ.

ಹೊಲಿಯಬಹುದಿತ್ತಲ್ಲ ಎಂಬ ನನ್ನ ಪ್ರಶ್ನೆಗೆ ಡಾಕ್ಟರು ಆಮೇಲೆ ಉತ್ತರ ಕೊಟ್ಟರು. ದಾರಿ ಕಟ್ಟಿ ಊದಿದ ಕರುಳನ್ನು ಆಗಲೇ ಜೋಡಿಸಿದರೆ ಹೊಲಿಗೆ ಸೋರಬಹುದು, ಅದು ಪ್ರಾಣಕ್ಕೇ ಅಪಾಯ. ಈ ಬಾಯಿ ಕೆಲವು ತಿಂಗಳಿಗೆ ಮಾತ್ರ. ಆ ರಾತ್ರಿ ಅವರು ಹೇಳಲು ಹೊರಟಿದ್ದೂ ಇದನ್ನೇ.

ಚೀಲ ಬದಲಿಸುವುದನ್ನು ನರ್ಸ್ ಕಲಿಸಿಕೊಟ್ಟರು. ಚಿಕ್ಕಮ್ಮನಿಗಿಂತ ಮೊದಲು ಕಲಿತವರು ಚಿಕ್ಕಪ್ಪ. ಅಡಿಕೆ ಕೊಯ್ಲಿನ ಹೊತ್ತಿಗೆ ಪಂಚೆಯ ಮೇಲೊಂದು ಸಡಿಲ ಅಂಗಿ ಹಾಕಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದರು.

ಐದು ತಿಂಗಳ ಮೇಲೆ ಬಾಯಿ ಮುಚ್ಚುವ ಆಪರೇಷನ್ ಆಯಿತು. ಆ ಸಲದ ಒಪ್ಪಿಗೆ ಪತ್ರವನ್ನು ಚಿಕ್ಕಪ್ಪ ನನ್ನ ಕೈಗೆ ಕೊಡಲಿಲ್ಲ. ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು, ಕನ್ನಡದಲ್ಲಿ ಹೇಳಿಸಿಕೊಂಡು ಸಹಿ ಹಾಕಿದರು.