ಮೇಸ್ತ್ರಿಯಿಂದ ಸ್ಕ್ವಯರ್ ಫೀಟಿನವರೆಗೆ

ಎಪ್ಪತ್ತರ ದಶಕದಲ್ಲಿ ಕೇರಳದ ಗಡಿಯ ನಮ್ಮ ಬದಿಯಡ್ಕ, ನೀರ್ಚಾಲು ಕಡೆ ಮನೆ ಕಟ್ಟಿಸುವವರು ಯಾರೂ ಕಾಂಟ್ರಾಕ್ಟರನನ್ನು ಹುಡುಕುತ್ತಿರಲಿಲ್ಲ. ಕಲ್ಲಿಗೊಬ್ಬ ಮೇಸ್ತ್ರಿ, ಮರಕ್ಕೊಬ್ಬ ಆಚಾರಿ, ಉಸ್ತುವಾರಿ ಯಜಮಾನನದ್ದೇ. ಕಲ್ಲು, ಸುಣ್ಣ, ಮಂಗಳೂರು ಹಂಚು ತರಿಸುವುದು ಅವನ ತಲೆನೋವು. ಮೇಸ್ತ್ರಿಗೆ ದಿನಗೂಲಿ, ಮಧ್ಯಾಹ್ನ ಊಟ. ಅಡಿಕೆ ಕೊಯ್ಲು ಬಂತೆಂದರೆ ಆಳುಗಳು ತೋಟಕ್ಕೆ, ಗೋಡೆ ಅಲ್ಲಿಗೇ ನಿಂತಿತು. ಅದನ್ನು ಚಿನ್ನದ ಕಾಲವೆಂದು ನಾನು ಹೇಳಲಾರೆ.

ಆದರೆ ಮೇಸ್ತ್ರಿಯನ್ನು ಆರಿಸುವ ಕ್ರಮ ಚೆನ್ನಾಗಿತ್ತು. ಅಪ್ಪ ಆಟಿ ತಿಂಗಳ ಮಳೆಯಲ್ಲೇ ಪೆರ್ಲದ ನೆಂಟರ ಮನೆಗೆ ಹೋಗಿ, ಮೂರ್ನಾಲ್ಕು ಮಳೆಗಾಲ ಕಂಡ ಗೋಡೆಯ ಬುಡ ಮುಟ್ಟಿ ನೋಡಿ ಬಂದರು. ಅದನ್ನು ಕಟ್ಟಿದವನೇ ನಮ್ಮ ಮೇಸ್ತ್ರಿಯಾದ. ಕೋರೆಯಿಂದ ಕೆಂಪುಕಲ್ಲು ಬಂದರೆ ಅವನು ಒಂದೊಂದನ್ನೂ ಕೊಡಲಿಯ ಹಿಂಬದಿಯಿಂದ ತಟ್ಟುತ್ತಿದ್ದ. ಟಣ್ ಎಂದದ್ದು ಗೋಡೆಗೆ, ಬೊದ್ದು ಸದ್ದಿನದ್ದು ಅಂಗಳದ ಕಟ್ಟೆಗೆ. ಕಡಿದ ಹೊಸತರಲ್ಲಿ ಮೆತ್ತಗಿರುವ ಈ ಕಲ್ಲು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಅಪ್ಪ ಅವಸರ ಮಾಡಿದರೆ, "ಅದು ಒಣಗಲಿ ಅಣ್ಣಾ, ನಿಮ್ಮ ಮನೆ ಓಡಿ ಹೋಗುವುದಿಲ್ಲವಲ್ಲ" ಎನ್ನುತ್ತಿದ್ದ.

ಕಾಂಟ್ರಾಕ್ಟರ್ ಬಂದದ್ದು ತಾರಸಿಯ ಜೊತೆಗೆ. ಗಲ್ಫಿನ ದುಡ್ಡು ಊರಿಗೆ ಬಂದಂತೆ ಮಾಡಿನ ಪಕ್ಕಾಸು, ರೀಪು, ಮರದ ಮುಚ್ಚಿಗೆ ಹೋಗಿ ಕಾಂಕ್ರೀಟು ಬಂತು. ಹಂಚಿನ ಮಾಡನ್ನು ನಾಲ್ಕು ಜನ ವಾರಗಟ್ಟಲೆ ಏರಿಸಬಹುದು. ಸ್ಲ್ಯಾಬ್ ಹಾಗಲ್ಲ, ಒಂದೇ ದಿನ ನಿಲ್ಲಿಸದೆ ಹಾಕಿ ಮುಗಿಸಬೇಕು. ಸೆಂಟ್ರಿಂಗ್ ಹಲಗೆ, ಮಿಕ್ಸರ್, ಹತ್ತಿಪ್ಪತ್ತು ಆಳು ಇವನ್ನೆಲ್ಲ ಒಂದು ಬೆಳಿಗ್ಗೆ ಒಟ್ಟುಮಾಡುವ ತಾಕತ್ತು ನಮ್ಮ ಮೇಸ್ತ್ರಿಗೆ ಇರಲಿಲ್ಲ. ಇದ್ದವನು ಕಾಂಟ್ರಾಕ್ಟರನಾದ.

ಆಮೇಲೆ ಎಲ್ಲವೂ ಸ್ಕ್ವಯರ್ ಫೀಟಿನ ಲೆಕ್ಕ. ಬರಿಯ ಲೇಬರ್ ಕಾಂಟ್ರಾಕ್ಟೋ, ಸಾಮಾನು ಸಹಿತವೋ ಎಂಬುದೇ ಮೊದಲ ಪ್ರಶ್ನೆ. ಹೊಳೆಯ ಹೊಯ್ಗೆ ತೆಗೆಯುವುದನ್ನು ನಿಯಂತ್ರಿಸಲು ಕೇರಳ ಸರ್ಕಾರ 2001ರಲ್ಲಿ ಕಾನೂನು ತಂದ ಮೇಲೆ ಹೊಯ್ಗೆಗೆ ಪರದಾಟ. ಸಾಮಾನಿನ ಭಾರ ಹೊರಲಾರದ ಯಜಮಾನರು ಅದನ್ನೂ ಕಾಂಟ್ರಾಕ್ಟರನ ಹೆಗಲಿಗೇ ಹಾಕಿದರು. ಹೊಯ್ಗೆಯ ಬದಲು ಎಂ-ಸ್ಯಾಂಡ್ ಹಾಗೆಯೇ ಮನೆಯೊಳಗೆ ಬಂತು. ಆಳುಗಳೂ ಬದಲಾದರು: ಮೊದಲು ತಮಿಳುನಾಡಿನವರು, ಆಮೇಲೆ ಬಂಗಾಳ, ಅಸ್ಸಾಮಿನವರು. 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಪುತ್ತೂರು, ವಿಟ್ಲದಿಂದ ಬರುವ ಕೆಲಸದವರೂ ಆಚೆಯೇ ಉಳಿದರು.

ಅಣ್ಣನ ಮಗ ಮನೆ ಕಟ್ಟಿಸುವಾಗ ಎಲ್ಲರಿಗಿಂತ ಕಡಿಮೆ ದರ ಹೇಳಿದವನನ್ನು ಹಿಡಿದ. ಲಿಂಟಲಿಗೆ ಬಂದ ಮೇಲೆ ಗೊತ್ತಾಯಿತು, ಸನ್‌ಶೇಡ್, ಸಿಟೌಟು, ಕಾರ್ ಪೋರ್ಚು ಎಲ್ಲ ಪೂರ್ತಿ ಅಳತೆಗೆ ಸೇರಿದೆ! ದರ ಕಡಿಮೆ, ಅಡಿ ಜಾಸ್ತಿ. ಜಗಳವಾಗಿ ಆತ ಹಲಗೆ ಕಿತ್ತುಕೊಂಡು ಹೋದ.

ಎರಡನೆಯವನ ಒಪ್ಪಂದ ಸ್ಟ್ಯಾಂಪ್ ಪೇಪರಿನಲ್ಲಿ, ಮಲಯಾಳದಲ್ಲಿತ್ತು. ನಮ್ಮಲ್ಲಿ ಮಲಯಾಳ ಮಾತಾಡುವವರು ಎಷ್ಟೋ ಜನ ಅದನ್ನು ಓದಲಾರರು. ನೆರೆಮನೆಯ ನಿವೃತ್ತ ಮಾಸ್ಟ್ರನ್ನು ಕರೆಸಿ ಜಗಲಿಯಲ್ಲಿ ಕೂರಿಸಿ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡೆವು. ಪಾಯ, ಲಿಂಟಲ್, ಸ್ಲ್ಯಾಬ್, ಸಾರಣೆ, ಹೀಗೆ ಕಂತುಗಳು ಸರಿಯಾಗಿದ್ದವು. ಕಬ್ಬಿಣದ ಬೆಲೆ ಏರಿದರೆ ಹೆಚ್ಚಿನದ್ದು ಮನೆಯವರದ್ದು ಎಂಬ ಸಾಲು ಬಂದಾಗ ಮಾಸ್ಟ್ರು ಕನ್ನಡಕ ತೆಗೆದು ಕಾಂಟ್ರಾಕ್ಟರನ ಮುಖ ನೋಡಿದರು. "ಇಳಿದರೆ?" ಅವನು ನಕ್ಕು ಪೆನ್ನು ಕೇಳಿ ಆ ಸಾಲನ್ನು ಹೊಡೆದುಹಾಕಿದ. ಕೊನೆಯ ಕಂತು ಒಂದು ಮಳೆಗಾಲ ದಾಟಿದ ಮೇಲೆ ಎಂದು ನಾವು ಸೇರಿಸಿದ್ದಕ್ಕೆ ಮಾತ್ರ ಅರ್ಧ ದಿನ ಚೌಕಾಸಿ ನಡೆಯಿತು. ಕಡೆಗೆ ಅರ್ಧ ಕಂತು ಮನೆ ಒಕ್ಕಲಿಗೆ, ಉಳಿದರ್ಧ ಮಳೆ ಮುಗಿದ ಮೇಲೆ ಎಂದು ಒಪ್ಪಿದ.