ಮೊಲದ ಬಲೆಯ ಹುರಿ

ನಮ್ಮ ಹಳೆಯ ಮನೆಯ ತೊಲೆಗೆ ಇಂದಿಗೂ ಒಂದು ಬಲೆ ತೂಗುತ್ತಿದೆ. ಅದು ಮೊಲದ ಬಲೆ. ನನ್ನ ತಾತನವರು ಸ್ವಹಸ್ತದಿಂದ ಹೊಸೆದ ಹುರಿಯಿಂದ ಹೆಣೆದದ್ದು. ಅದನ್ನು ಕಾಡಿಗೆ ಒಯ್ದು ದಶಕಗಳೇ ಸಂದಿವೆ, ಇನ್ನು ಒಯ್ಯುವಂತೆಯೂ ಇಲ್ಲ. ಆದರೂ ಅದನ್ನು ಕಂಡಾಗಲೆಲ್ಲ ಹದಿನಾರರ ವಯಸ್ಸಿನಲ್ಲಿ ನಾನು ಮಾಡಿದ ಒಂದು ತಪ್ಪು ನೆನಪಾಗುತ್ತದೆ. ಅದನ್ನು ವಾಚಕರ ಮುಂದೆ ಒಪ್ಪಿಕೊಂಡರೆ ಮನಸ್ಸು ಕೊಂಚ ಹಗುರವಾದೀತೆಂದು ಈ ಬರಹ.

ನಮ್ಮದು ಮಡಕಶಿರ ಸೀಮೆಯ ಒಂದು ಹಳ್ಳಿ. ಮೊದಲು ಅನಂತಪುರ ಜಿಲ್ಲೆಗೆ ಸೇರಿದ್ದ ಈ ಸೀಮೆ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕಲ್ಲುಗುಡ್ಡ, ಕುರುಚಲು ಕಾಡು, ಕಡಲೆಕಾಯಿ ಹೊಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಹಿಂದೆ ಯುಗಾದಿಯ ಆಸುಪಾಸಿನಲ್ಲಿ ಊರ ಗಂಡಸರು ಗುಂಪುಗೂಡಿ ಬೇಟೆಗೆ ಹೊರಡುತ್ತಿದ್ದರು. ಪುಸ್ತಕಗಳಲ್ಲಿ ಓದುವ ಇಂಗ್ಲೆಂಡಿನ ಮೊಲ ಬಿಲವಾಸಿ. ಅಲ್ಲಿನವರು ಬಿಲದ ಬಾಯಿಗೆ ಚೀಲದಂತಹ ಪುಟ್ಟ ಬಲೆ ಕಟ್ಟುತ್ತಾರೆ. ನಮ್ಮ ಕಾಡುಮೊಲವಾದರೋ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಮೈ ಅಡಗಿಸಿ ಮಲಗುತ್ತದೆ, ಎಬ್ಬಿಸಿದರೆ ಬಾಣದಂತೆ ಓಡುತ್ತದೆ. ಆದುದರಿಂದ ಅದರ ದಾರಿಗೆ ಅಡ್ಡಲಾಗಿ ಉದ್ದನೆಯ ಬಲೆಯನ್ನು ಗೂಟಗಳ ಮೇಲೆ ಸಡಿಲವಾಗಿ ನಿಲ್ಲಿಸಬೇಕು. ಬಿಗಿದು ಕಟ್ಟಿದರೆ ಮೊಲ ಬಡಿದು ಹಿಂದಕ್ಕೆ ಪುಟಿಯುತ್ತದೆ; ಜೋಲಾಗಿ ಬಿಟ್ಟರೆ ಬಲೆ ಅದರೊಡನೆ ಕುಸಿದು ಸುತ್ತಿಕೊಳ್ಳುತ್ತದೆ. ಇಷ್ಟೂ ಕೆಲಸ ನಡೆಯುವುದು ಬೆಂಕಿಕಡ್ಡಿಯ ದಪ್ಪದ ಹುರಿಯೊಂದರ ಗುಣದಿಂದ.

ಹುರಿಯ ವಿಷಯದಲ್ಲಿ ತಾತನವರದು ಕಟ್ಟುನಿಟ್ಟು. ಕತ್ತಾಳೆಯ ನಾರು ಬಲವಾದದ್ದೇ, ಆದರೆ ಬಿರುಸು. ಗಂಟು ಕೂರುವುದಿಲ್ಲ, ಅದರ ಸಿಬಿರು ಜಾಲಿಮುಳ್ಳಿಗೆ ಸಿಕ್ಕಿ ಬಲೆ ಬೀಳದೆ ನಿಂತುಬಿಡುತ್ತದೆ. ಪುಂಡಿಯ ನಾರು ಒರಟು. ಹತ್ತಿಯ ದಾರ ಮೃದು, ಆದರೆ ಇಬ್ಬನಿ ಕುಡಿದು ಭಾರವಾಗುತ್ತದೆ. ಅವರಿಗೆ ಒಪ್ಪಿಗೆಯಾದದ್ದು ಸಣಬು ಒಂದೇ. ಸಂತೆಯಲ್ಲಿ ಜನುಮು ಎಂದು ಕೇಳಿ ಬೀಜ ತರುತ್ತಿದ್ದರು, ಹೊಲದಲ್ಲಿ ಸಣಬು ಎಂದು ಬಿತ್ತುತ್ತಿದ್ದರು. ಹೂ ಉದುರಿ ಕಾಯಿ ಕಟ್ಟುವ ಹೊತ್ತಿಗೆ ಕೊಯ್ದು, ಕಟ್ಟು ಕಟ್ಟಿ, ಕುಂಟೆಯ ನೀರಿನಲ್ಲಿ ವಾರದ ಮೇಲೆ ಮುಳುಗಿಸಿಡುವುದು. ತೊಗಟೆ ಬೆರಳಿಗೆ ಜಾರಿದಾಗ ಸುಲಿದು ಒಗೆದು ಒಣಗಿಸುವುದು. ಆ ದಿನಗಳಲ್ಲಿ ಮನೆತುಂಬ ಕೊಳೆತ ವಾಸನೆ. ಅಜ್ಜಿ ಗೊಣಗುತ್ತಿದ್ದರು, ತಾತ ನಗುತ್ತಿದ್ದರು.

ಎರಡು ಎಳೆಗಳನ್ನು ಬೇರೆಬೇರೆಯಾಗಿ ಒಂದು ದಿಕ್ಕಿಗೆ ತಿರುವಿ, ಕೂಡಿಸುವಾಗ ಎದುರು ದಿಕ್ಕಿಗೆ ಹೊಸೆಯುತ್ತಿದ್ದರು. ಅನಂತರ ಪರೀಕ್ಷೆ. ಹುರಿಯನ್ನು ಮಡಿಸಿ ಗಾಳಿಯಲ್ಲಿ ತೂಗಬಿಟ್ಟಾಗ ಅದು ತನ್ನಷ್ಟಕ್ಕೆ ತಾನೇ ಸುತ್ತಿಕೊಂಡರೆ ಹೊಸೆತ ಅತಿಯಾಯಿತು. ಎಳೆಗಳು ಬಾಯಿಬಿಟ್ಟರೆ ಸಾಲದಾಯಿತು. ಎರಡನೆಯದಾಗಿ, ನೀರಿನಲ್ಲಿ ನೆನೆಸಿ, ಗಂಟು ಹಾಕಿ, ಜಗ್ಗುವುದು. ಒಳ್ಳೆಯ ಸಣಬು ನೆನೆದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಮೂರನೆಯದು ನನಗೆ ವಿಚಿತ್ರವಾಗಿ ತೋರುತ್ತಿತ್ತು. ಹುರಿಯನ್ನು ಮಣಿಕಟ್ಟಿನ ಒಳಮೈಗೆ ಒತ್ತಿ ಎಳೆದು ನೋಡುತ್ತಿದ್ದರು. ಕೆಂಪು ಗೀರು ಮೂಡಿದರೆ ಆ ಹುರಿ ಬಲೆಗೆ ಬೇಡ. "ಹಿಡಿಯೋದು ಬೇರೆ, ಕೊಯ್ಯೋದು ಬೇರೆ" ಎಂಬುದು ಅವರ ಮಾತು. ಹೆಣೆದ ಬಲೆಯನ್ನು ತಂಗಡಿ ಚಕ್ಕೆಯ ಕಷಾಯದಲ್ಲಿ ಅದ್ದಿದರೆ ಕಂದುಬಣ್ಣ ಬಂದು ಹುಲ್ಲಿನಲ್ಲಿ ಬೆರೆಯುತ್ತಿತ್ತು, ಬೇಗ ಕೊಳೆಯುತ್ತಲೂ ಇರಲಿಲ್ಲ.

1978ರ ಬೇಸಿಗೆಯಲ್ಲಿ ನಾನು ಪೇಟೆಯಿಂದ ನೀಲಿ ನೈಲಾನ್ ದಾರದ ಒಂದು ಉಂಡೆಯನ್ನು ಕೊಂಡುತಂದೆ. 1935ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಹುಟ್ಟಿದ ಈ ನೂಲು ಅಷ್ಟು ಹೊತ್ತಿಗೆ ನಮ್ಮ ಸಂತೆಯನ್ನೂ ತಲುಪಿತ್ತು. ಬಿತ್ತುವುದಿಲ್ಲ, ನೆನೆಹಾಕುವುದಿಲ್ಲ, ವಾಸನೆಯಿಲ್ಲ. ಸಣಬಿನ ಅರ್ಧ ದಪ್ಪದಲ್ಲೇ ಅದರಷ್ಟು ಬಲ. ಗಂಟು ಜಾರುತ್ತಿತ್ತು, ಎರಡೆರಡು ಸುತ್ತು ಹಾಕಿ ಬಿಗಿದೆ. ಹತ್ತೇ ದಿನಗಳಲ್ಲಿ ಬಲೆ ಸಿದ್ಧವಾಯಿತು. ಹೆಮ್ಮೆಯಿಂದ ತಾತನವರ ಮುಂದೆ ಹರಡಿದೆ. ಅವರು ಒಂದು ಕಣ್ಣಿಯನ್ನು ಹಿಡಿದು ನೋಡಿ, ಮಣಿಕಟ್ಟಿಗೆ ಎಳೆದುಕೊಂಡರು. ಗೀರು ಎದ್ದಿತು. ಬೈಯಲಿಲ್ಲ, ಒಂದೇ ಮಾತು ಕೇಳಿದರು: "ಮಗಾ, ಇದು ಯಾವತ್ತು ಸಾಯ್ತದೆ?"

ದಾರಕ್ಕೆ ಸಾವೆಂದರೇನು? ನಾನು ನಕ್ಕುಬಿಟ್ಟೆ. ಎಂದೂ ಕೊಳೆಯದಿರುವುದೇ ಅದರ ದೊಡ್ಡ ಗುಣವೆಂದು ಅಂಗಡಿಯಾತ ಹೇಳಿದ್ದನ್ನೇ ಒಪ್ಪಿಸಿದೆ. ಅವರು ಎದ್ದು ಹೋದರು.

ಆ ಬಲೆಯನ್ನು ಒಯ್ದದ್ದು ಒಂದೇ ಸಲ. ಹಳ್ಳದ ದಂಡೆಯ ಜಾಲಿಪೊದೆಗೆ ಸಿಕ್ಕಿ ಒಂದು ತುದಿ ಹರಿಯಿತು. ಮುಳ್ಳಿನಲ್ಲಿ ಕೈಹಾಕಲು ಬೇಸರಪಟ್ಟು ಎರಡು ಮಾರಿನಷ್ಟು ತುಂಡನ್ನು ಅಲ್ಲಿಯೇ ಬಿಟ್ಟು ಬಂದೆ. ಒಂದು ಮಳೆಗಾಲ ಕಳೆಯಿತು, ಮತ್ತೊಂದೂ ಕಳೆಯಿತು. ಆಡು ಹುಡುಕುತ್ತ ಅದೇ ಹಳ್ಳಕ್ಕೆ ಇಳಿದಾಗ ಪೊದೆಯ ಬುಡದಲ್ಲಿ ನೀಲಿಯಾಗಿ ಏನೋ ಕಂಡಿತು. ಬಣ್ಣ ಕೊಂಚ ಮಾಸಿತ್ತು, ಒಂದು ಗಂಟೂ ಬಿಚ್ಚಿರಲಿಲ್ಲ. ಅದರೊಳಗೆ ಒಂದು ಮೊಲ, ಒಣಗಿದ ತೊಗಲು ಮತ್ತು ಮೂಳೆ. ಹಿಂಗಾಲಿಗೆ ಬಿಗಿದ ದಾರ ಮೂಳೆಯವರೆಗೂ ಇಳಿದಿತ್ತು. ಸುತ್ತಲಿನ ಮಣ್ಣನ್ನು ಅದು ಅಂಗೈಯಗಲ ಆಳಕ್ಕೆ ಕೆರೆದಿತ್ತು. ಎಷ್ಟು ದಿನ ಕೆರೆದಿತ್ತೋ!

ತಾತನವರನ್ನು ಕರೆದುತಂದು ತೋರಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಹಳ್ಳದ ಮೇಲ್ಗಡೆಗೆ ನಡೆದು, ಹಿಂದಿನ ವರ್ಷ ತಮ್ಮದೇ ಬಲೆ ಹರಿದು ಉಳಿದಿದ್ದ ಜಾಗವನ್ನು ತೋರಿಸಿದರು. ಎಲೆಗಳ ಕೆಳಗೆ ಸಣಬಿನ ಒಂದೆರಡು ಕಂದು ಎಳೆಗಳಿದ್ದವು. ಬೆರಳಿನಲ್ಲಿ ಹಿಡಿದರೆ ಬೂದಿಯಂತೆ ಉದುರಿದವು. ಹಿಂದಿರುಗಿ ಇಬ್ಬರೂ ಸೇರಿ ಮೊಲವನ್ನು ಹೂಳಿದೆವು. ಯಾರ ಹಸಿವಿಗೂ ಒದಗದ ಬೇಟೆ ಅದು. ನಾನು ಮನೆಯಲ್ಲಿ ಮಲಗಿದ್ದಾಗ ನನ್ನ ಬಲೆ ಆಡಿದ ಬೇಟೆ. ತಾತನವರ ಪ್ರಶ್ನೆಯ ಅರ್ಥ ನನಗೆ ಆಗ ಹೊಳೆಯಿತು. ಆ ಸಂಜೆ ನೀಲಿ ಬಲೆಯನ್ನು ಕಣ್ಣಿಕಣ್ಣಿಯಾಗಿ ಕತ್ತರಿಸಿದೆ. ಬೇಟೆಗೆ ಮತ್ತೆ ಹೋಗಲಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿಯೇ ಬಂದಿತ್ತು. ನಮ್ಮ ಹಳ್ಳಿಗೆ ಅದರ ಸುದ್ದಿ ತಡವಾಗಿ ತಲುಪಿತು. 1991ರ ತಿದ್ದುಪಡಿಯ ಬಳಿಕ ಪರವಾನಗಿಯ ಬೇಟೆಗೂ ತೆರೆಬಿದ್ದಿತು. ಇಂದು ಕಾಡುಮೊಲಕ್ಕೆ ಬಲೆಯೊಡ್ಡುವುದು ಅಪರಾಧ, ಹಾಗಿರುವುದೇ ಸರಿ. ತಾತನವರ ಬೇಟೆಯನ್ನು ಕೊಂಡಾಡಲು ನಾನಿದನ್ನು ಬರೆಯುತ್ತಿಲ್ಲ. ಆದರೆ ಹುರಿಯನ್ನು ಆರಿಸುವ ಅವರ ಕ್ರಮ ಬೇಟೆಯೊಡನೆ ಮುಗಿಯುವಂಥದಲ್ಲ. ಇಂದು ನಮ್ಮ ಹೊಲಗಳ ಬೇಲಿಗೆ, ತರಕಾರಿಯ ಚಪ್ಪರಕ್ಕೆ, ಹಕ್ಕಿ ತಡೆಯುವ ಪರದೆಗೆ ಎಲ್ಲೆಲ್ಲೂ ನೈಲಾನ್. ಅದರ ಉಪಕಾರ ದೊಡ್ಡದು. ಕೆಲಸ ತೀರಿದ ಮೇಲೆ ಬದುವಿನಲ್ಲಿ ಬಿಟ್ಟ ತುಂಡು ಮಾತ್ರ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಹಾವಿಗೆ, ಗೌಜಲಹಕ್ಕಿಗೆ, ನಮ್ಮದೇ ಕರುವಿನ ಕಾಲಿಗೆ ಕಾಯುತ್ತಿರುತ್ತದೆ. ಎಣಿಸಿ ಕಟ್ಟಿದ್ದನ್ನು ಎಣಿಸಿ ಬಿಚ್ಚಿ ಮನೆಗೆ ತರುವುದು, ಸಣ್ಣ ಕೆಲಸಕ್ಕೆ ನಾರಿನ ಹುರಿಯನ್ನೇ ಬಳಸುವುದು, ಇಷ್ಟನ್ನಾದರೂ ನಾವು ಮಾಡಬಹುದು.

ಹಸುರುಗೊಬ್ಬರಕ್ಕೆಂದು ನಾನು ಈಗಲೂ ಸಣಬು ಬಿತ್ತುತ್ತೇನೆ. ಒಂದು ಸಾಲನ್ನು ಉಳದೆ ನಾರಿಗಾಗಿ ಉಳಿಸುತ್ತೇನೆ. ಹೋದ ವರ್ಷ ತೆಲುಗು ಶಾಲೆಯಲ್ಲಿ ಓದುವ ಮೊಮ್ಮಗಳು ಪಕ್ಕದಲ್ಲಿ ಕುಳಿತು ಎಳೆ ಹಿಡಿದಳು. ಕರುವಿಗೆ ಒಂದು ದಾಬು ಹೊಸೆದೆವು. ಮುಗಿದ ಮೇಲೆ, ನಾನು ಹೇಳಿಕೊಡದಿದ್ದರೂ, ನನ್ನನ್ನು ನೋಡಿ ಕಲಿತವಳಂತೆ ಅದನ್ನು ತನ್ನ ಎಳೆಯ ಮಣಿಕಟ್ಟಿಗೆ ಎಳೆದು ನೋಡಿಕೊಂಡಳು. ಗೀರು ಬೀಳಲಿಲ್ಲ. ಎದ್ದು ಹೋಗಿ ಕರುವಿನ ಕೊರಳಿಗೆ ಕಟ್ಟಿದಳು.